ಕಂಪನಿ ಸೆಟ್ ಸುಮ್ಮನಾದಾಗ

ಹಳೆಯ ಕಾರಿನ ರೇಡಿಯೋ ಒಂದು ದಿನ ನಿಂತುಹೋದರೆ ಮಾಲೀಕರ ಮುಂದೆ ಎರಡು ದಾರಿ. ಕಾರಿನ ಜೊತೆಗೇ ಬಂದ ಆ ‘ಕಂಪನಿ ಸೆಟ್’ ಯಾಕೆ ನಿಂತಿತೆಂದು ಹುಡುಕಿಸಬಹುದು. ಇಲ್ಲವೇ ಅದನ್ನು ಕಿತ್ತು ಟಚ್ ಸ್ಕ್ರೀನ್ ಕೂರಿಸಿಕೊಳ್ಳಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ದಿನ ಬೆಳಗಾದರೆ ಎರಡನೆಯದೇ ನಡೆಯುತ್ತದೆ. ಅದು ತಪ್ಪೆಂದು ಹೇಳಿಬಿಡುವುದು ಸುಲಭ, ಆದರೆ ಆ ಅಂಗಡಿಯವರ ಲೆಕ್ಕವೂ ಪೊಳ್ಳಲ್ಲ. ಹಾಗಾಗಿ ಈ ಮಾತನ್ನು ಇಬ್ಬರ ಬಾಯಲ್ಲಿ ಇಡುತ್ತಿದ್ದೇನೆ. ಹಿರಿಯರು ಮನೆ ರೇಡಿಯೋ ರಿಪೇರಿಯಿಂದ ಶುರುಮಾಡಿ ಕಾರಿನ ವೈರಿಂಗಿಗೆ ಬಂದವರು. ಕಿರಿಯ ಅಕ್ಸೆಸರಿ ಅಂಗಡಿ ಇಟ್ಟವನು. ಎದುರಿಗೆ 2004ರ ಡೀಸೆಲ್ ಆಕ್ಟೇವಿಯಾ ನಿಂತಿದೆ. ಅದರ ರೇಡಿಯೋದಲ್ಲಿ ಬೆಳಕೂ ಇಲ್ಲ, ಸದ್ದೂ ಇಲ್ಲ. ಗಾಡಿಯವರು ಸಂಜೆ ಬರುತ್ತಾರೆ.

ಕಿರಿಯ: ಬಿಡಿ ಅಣ್ಣಾ, ಇಪ್ಪತ್ತು ವರ್ಷದ ಸೆಟ್ಟು. ಒಳಗೆ ಏನೋ ಸುಟ್ಟಿದೆ. ಸ್ಕ್ರೀನ್ ಸ್ಟಾಕಲ್ಲಿದೆ, ಈ ಗಾಡಿಗೆ ಹೊಂದೋ ಫ್ರೇಮೂ ಇದೆ. ಮಧ್ಯಾಹ್ನದೊಳಗೆ ಮುಗಿಸ್ತೀನಿ.

ಹಿರಿಯ: ಸುಟ್ಟಿದೆ ಅಂತ ಹೇಗೆ ಗೊತ್ತಾಯ್ತು?

ಕಿರಿಯ: ಬಟನ್ ಒತ್ತಿದ್ರೆ ಲೈಟೇ ಬರಲ್ವಲ್ಲ.

ಹಿರಿಯ: ಲೈಟ್ ಬರಲಿಲ್ಲ ಅಂದ್ರೆ ಲೈಟ್ ಬರಲಿಲ್ಲ ಅಂತ ಅಷ್ಟೇ. ತೊಂದರೆ ಸೆಟ್ಟಿನ ಒಳಗಿದೆಯೋ, ಸೆಟ್ಟಿನ ತನಕ ಬರೋ ದಾರೀಲಿದೆಯೋ ಇನ್ನೂ ಗೊತ್ತಾಗಿಲ್ಲ. ‘ಸತ್ತುಹೋಗಿದೆ’ ಅಂತ ನನ್ನ ಮುಂದೆ ತಂದಿಡೋ ಕಂಪನಿ ಸೆಟ್ಟುಗಳಲ್ಲಿ ಬಹಳಷ್ಟಕ್ಕೆ ಏನೂ ಆಗಿರಲ್ಲ ಕಣಯ್ಯ. ಫ್ಯೂಸ್ ಹೋಗಿರುತ್ತೆ, ಅರ್ತ್ ಸಡಿಲ ಆಗಿರುತ್ತೆ, ಬಾಗಿಲ ಸಂದೀಲಿ ವೈರ್ ತುಂಡಾಗಿರುತ್ತೆ. ಹೆಸರು ಕೆಡೋದು ಮಾತ್ರ ಸೆಟ್ಟಿಂದು.

ಕಿರಿಯ: ಫ್ಯೂಸ್ ನೋಡದೇ ನಾನೂ ಮಾತಾಡಲ್ಲ.

ಹಿರಿಯ: ಕಣ್ಣಲ್ಲಿ ನೋಡ್ತೀಯೋ, ಮೀಟರಲ್ಲಿ ನೋಡ್ತೀಯೋ? ಡ್ಯಾಶ್‌ಬೋರ್ಡ್ ಪಕ್ಕದ ಫ್ಯೂಸ್ ಬಾಕ್ಸಲ್ಲಿ ಒಂದು ಇರುತ್ತೆ, ಎಷ್ಟೋ ಸೆಟ್ಟುಗಳ ಬೆನ್ನಲ್ಲೇ ಇನ್ನೊಂದು ಇರುತ್ತೆ. ಎರಡನ್ನೂ ನೋಡಬೇಕು. ಅದಕ್ಕಿಂತ ಮುಂಚೆ ಗಾಡಿಯವರನ್ನ ಒಂದು ಮಾತು ಕೇಳು, ರೇಡಿಯೋ ನಿಲ್ಲೋ ಹಿಂದಿನ ದಿನ ಏನು ಮಾಡಿದ್ರಿ ಅಂತ. ಅನೇಕ ಗಾಡಿಗಳಲ್ಲಿ ಸಿಗರೇಟ್ ಲೈಟರ್ ಸಾಕೆಟ್ಟಿಗೂ ರೇಡಿಯೋಗೂ ಒಂದೇ ಫ್ಯೂಸ್ ಇರುತ್ತೆ. ಟೈರಿಗೆ ಗಾಳಿ ಹಾಕೋ ಪಂಪನ್ನ ಆ ಸಾಕೆಟ್ಟಿಗೆ ಸಿಕ್ಕಿಸಿರ್ತಾರೆ. ಅದು ಎಳೆದ ಕರೆಂಟಿಗೆ ಫ್ಯೂಸ್ ಹೋಗುತ್ತೆ. ಪಂಪೇ ಕೆಟ್ಟಿದೆ ಅಂದ್ಕೊಂಡು ಡಿಕ್ಕೀಲಿ ಎಸೆದು ಹೊರಡ್ತಾರೆ. ಎರಡು ದಿನ ಬಿಟ್ಟು ರೇಡಿಯೋ ಹಾಕಿ ನೋಡಿದಾಗ ಅದೂ ಕೆಟ್ಟಿದೆ ಅಂತಾರೆ. ಎರಡೂ ಒಂದೇ ಫ್ಯೂಸಿನ ಕೆಲಸ ಅಂತ ಯಾರಿಗೂ ಹೊಳೆಯಲ್ಲ.

ಕಿರಿಯ: ಈ ಗಾಡೀಲಿ ಎರಡು ಫ್ಯೂಸೂ ಸರಿ ಇದೆ, ಮೀಟರಲ್ಲೇ ನೋಡಿದೀನಿ. ಸೆಟ್ಟನ್ನೂ ಎಳೆದು ನೋಡಿದೆ. ಮುಂದೆ ಸೀಳು ಇದೆಯಲ್ಲ, ಅದಕ್ಕೆ ಬರೋ ಚಪ್ಪಟೆ ಕೀಲಿ ನನ್ನ ಹತ್ರ ಇದೆ, ಸ್ಕ್ರೂಡ್ರೈವರ್ ಹಾಕಿ ಮೀಟಿಲ್ಲ. ಹಿಂದಿನ ಕಪ್ಲರಲ್ಲೂ 12 ವೋಲ್ಟ್ ಬರ್ತಿದೆ. ಇನ್ನೇನು ಬೇಕು?

ಹಿರಿಯ: ಯಾವ ಪಿನ್ನಲ್ಲಿ 12?

ಕಿರಿಯ: ಮೇನಲ್ಲೂ ಬರ್ತಿದೆ, ಕೀ ಲೈನಲ್ಲೂ ಬರ್ತಿದೆ.

ಓದುಗರಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾರಿನ ರೇಡಿಯೋಗೆ ಸಾಮಾನ್ಯವಾಗಿ ಎರಡು ಕಡೆಯಿಂದ ಕರೆಂಟ್ ಬೇಕು. ಒಂದು ಲೈನು ಬ್ಯಾಟರಿಯಿಂದ ಸದಾ ಬರುತ್ತಿರುತ್ತದೆ. ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದ. ಇನ್ನೊಂದು ಕೀ ಹಾಕಿದಾಗ ಮಾತ್ರ ಬರುತ್ತದೆ. ಏಳು ಎಂದು ಸೆಟ್ಟಿಗೆ ಹೇಳುವುದು ಆ ಲೈನು. ಯೂರೋಪಿನ ಗಾಡಿಗಳಲ್ಲಿ ಬಳಕೆಗೆ ಬಂದ ಐ.ಎಸ್.ಓ. ಕಪ್ಲರಿನಲ್ಲಿ 4ನೇ ಪಿನ್ ಸದಾ ಬರುವ ಲೈನಿಗೆ, 7ನೆಯದು ಕೀ ಲೈನಿಗೆ, 8ನೆಯದು ಅರ್ತಿಗೆ. ಫೋಕ್ಸ್‌ವ್ಯಾಗನ್ ಗುಂಪಿನ ಆ ಕಾಲದ ಗಾಡಿಗಳಲ್ಲಿ, ಅಂದರೆ ಈ ಆಕ್ಟೇವಿಯಾದಲ್ಲೂ, 4 ಮತ್ತು 7 ಅದಲುಬದಲಾಗಿವೆ. ಇದನ್ನು ಗಮನಿಸದೆ ಹೊರಗಿನ ಸೆಟ್ ಕೂರಿಸಿದರೆ, ಕೀ ತೆಗೆದಾಗಲೆಲ್ಲ ಅದು ಎಲ್ಲ ಸ್ಟೇಷನ್ನುಗಳನ್ನೂ ಮರೆಯುತ್ತದೆ. ಹೊಸ ಸೆಟ್ಟೇ ಹಾಳು ಎಂದು ಜಗಳಕ್ಕೆ ಬರುವವರಲ್ಲಿ ಕೆಲವರ ಸಮಸ್ಯೆ ಈ ಎರಡು ವೈರುಗಳಲ್ಲಿರುತ್ತದೆ.

ಹಿರಿಯ: ಮೀಟರ್ ತೋರಿಸೋ 12ನ್ನ ಪೂರ್ತಿ ನಂಬಬೇಡ. ಮೀಟರ್ ತಾನು ಕರೆಂಟ್ ಎಳೆಯಲ್ಲ. ಒಂದೇ ಒಂದು ಎಳೆ ತಾಮ್ರ ಉಳಿದಿರೋ ವೈರಲ್ಲೂ ಅದು 12 ಅಂತಲೇ ಹೇಳುತ್ತೆ. ಕಿಲುಬು ಹಿಡಿದ ಪಾಯಿಂಟಲ್ಲೂ 12 ಅಂತಲೇ ಹೇಳುತ್ತೆ. ಸೆಟ್ಟು ಕೆಲಸಕ್ಕೆ ಅಂತ ಕರೆಂಟ್ ಕೇಳಿದ ಕ್ಷಣ ಆ 12 ಮಾಯ. ಅದಕ್ಕೇ ನಾನು ಬಲ್ಬ್ ಇಟ್ಟು ನೋಡೋದು. ಮೇನ್ ಲೈನಿಗೂ ಅರ್ತಿಗೂ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಹಾಕು. ಬೆಳ್ಳಗೆ ಉರೀಬೇಕು. ಮಂಕಾಗಿ ಉರಿದ್ರೆ ಮೇನ್ ಲೈನೋ ಅರ್ತೋ ಎರಡರಲ್ಲೊಂದು ದುರ್ಬಲ. ಬಲ್ಬ್ ಉರೀತಿರುವಾಗಲೇ ಆ ಅರ್ತ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ಮೀಟರ್ ಇಡು. ಸೊನ್ನೆ ಹತ್ರ ಇರಬೇಕು. ಅರ್ಧ ವೋಲ್ಟ್ ಕಂಡ್ರೂ ಅರ್ತ್ ಕೆಟ್ಟಿದೆ ಅಂತಲೇ ಲೆಕ್ಕ.

ಕಿರಿಯ: ನಿಮ್ಮ ಬಲ್ಬ್ ಪದ್ಧತಿ ಪದ್ಮಿನಿ, ಅಂಬಾಸಿಡರ್ ಕಾಲಕ್ಕೆ ಸರಿ ಅಣ್ಣಾ. ಈಗಿನ ಗಾಡೀಲಿ ಡ್ಯಾಶ್‌ಬೋರ್ಡ್ ಹಿಂದೆ ಏರ್‌ಬ್ಯಾಗ್ ವೈರು, ಕಂಪ್ಯೂಟರ್ ವೈರು ಎಲ್ಲಾ ಒಟ್ಟಿಗೆ ಓಡ್ತಿರುತ್ತೆ. ಗೊತ್ತಿಲ್ಲದ ಹುಡುಗ ಬಲ್ಬ್ ಹಿಡ್ಕೊಂಡು ಸಿಕ್ಕ ಸಿಕ್ಕ ವೈರಿಗೆ ಚುಚ್ಚಿದ್ರೆ ರೇಡಿಯೋ ರಿಪೇರಿ ಹೋಗಿ ಏನೇನೋ ಆಗುತ್ತೆ.

ಹಿರಿಯ: ಅದು ನ್ಯಾಯವಾದ ಮಾತು. ಹಳದಿ ಕಪ್ಲರ್ ಕಂಡ್ರೆ ಕೈ ಹಿಂದೆ ತಗೋಬೇಕು, ಅದು ಏರ್‌ಬ್ಯಾಗಿಂದು. ಬಲ್ಬ್ ಇಡೋದು ಗುರುತು ಹಿಡಿದ ಪಿನ್ನಿಗೆ ಮಾತ್ರ, ವೈರಿನ ಮೈಗೆ ಚುಚ್ಚೋದಲ್ಲ. ಆದ್ರೆ ಅದೇ ಮಾತು ನಿನಗೂ ಹೇಳ್ತೀನಿ. ನೀನು ಸ್ಕ್ರೀನ್ ಹಾಕುವಾಗಲೂ ಅದೇ ವೈರುಗಳ ನಡುವೆ ಕೈ ಹಾಕ್ತೀಯ. ಮೊನ್ನೆ ಇದೇ ಥರದ ಇನ್ನೊಂದು ಆಕ್ಟೇವಿಯಾ ಬಂತು. ಎಲ್ಲೋ ಸ್ಕ್ರೀನ್ ಹಾಕಿಸಿದ್ರಂತೆ, ಚೆನ್ನಾಗೇ ಓಡ್ತಿತ್ತು. ಆಮೇಲೆ ಇಂಜಿನ್ ಲೈಟ್ ಬಂತು ಅಂತ ಗ್ಯಾರೇಜಿಗೆ ಹೋದ್ರೆ ಸ್ಕ್ಯಾನರ್ ಏನೂ ಓದ್ತಿಲ್ಲ. ಯಾಕೆ? ಈ ಗುಂಪಿನ ಗಾಡಿಗಳಲ್ಲಿ ಕಂಪನಿ ಸೆಟ್ಟಿನ ದೋಷವನ್ನೂ ಸ್ಕ್ಯಾನರಲ್ಲಿ ಓದೋಕೆ ಅಂತ ಡಯಾಗ್ನಸಿಸ್ ವೈರು ರೇಡಿಯೋ ಕಪ್ಲರಿಗೂ ಬಂದಿರುತ್ತೆ. ಅದಕ್ಕೆ ಕೆ-ಲೈನ್ ಅಂತಾರೆ. ಹೊರಗಿನ ಸೆಟ್ಟಿಗೆ ಅದರ ಪರಿಚಯ ಇಲ್ಲ. ಆ ಪಿನ್ನನ್ನ ಅದು ಅರ್ತಿಗೆ ಎಳೆದುಬಿಟ್ರೆ ಇಡೀ ಗಾಡೀನೇ ಸ್ಕ್ಯಾನರ್ ಜೊತೆ ಮಾತು ಬಿಡುತ್ತೆ. ಕಪ್ಲರಿಂದ ಆ ಒಂದು ಪಿನ್ ಹೊರಗೆ ತೆಗೆದು ಟೇಪ್ ಸುತ್ತಿದೆ, ಸ್ಕ್ಯಾನರ್ ಓದೋಕೆ ಶುರುಮಾಡ್ತು.

ಕಿರಿಯ: ಅದು ಕೆಲಸ ಗೊತ್ತಿಲ್ಲದವರ ಕೆಲಸ. ನಾನು ಗಾಡಿಗೆ ತಕ್ಕ ಅಡಾಪ್ಟರ್ ಹಾಕ್ತೀನಿ, ಕಂಪನಿ ಕಪ್ಲರ್ ಕತ್ತರಿಸಲ್ಲ. ಒಳ್ಳೆ ಅಡಾಪ್ಟರಲ್ಲಿ ಕೆಂಪು ಹಳದಿ ವೈರಿಗೆ ಅದಲುಬದಲು ಮಾಡೋ ಜಾಯಿಂಟೇ ಕೊಟ್ಟಿರ್ತಾರೆ. ಹಳದಿ ಮೇನ್, ಕೆಂಪು ಕೀ, ಕಪ್ಪು ಅರ್ತ್. ಯಾವನು ಬಂದ್ರೂ ಗೊತ್ತಾಗುತ್ತೆ.

ಹಿರಿಯ: ಏರಿಯಲ್ಲಿಗೆ?

ಕಿರಿಯ: ಅದಕ್ಕೂ ಇದೆ. ಈ ಗಾಡೀಲಿ ರೂಫ್ ಏರಿಯಲ್ ಬುಡದಲ್ಲಿ ಒಂದು ಸಣ್ಣ ಆಂಪ್ಲಿಫೈಯರ್ ಕೂತಿರುತ್ತೆ, ಅದಕ್ಕೆ ಕರೆಂಟ್ ಏರಿಯಲ್ ವೈರಲ್ಲೇ ಹೋಗಬೇಕು. ಕಂಪನಿ ಸೆಟ್ಟು ಅದನ್ನ ಕೊಡುತ್ತೆ, ನಮ್ಮ ಸ್ಕ್ರೀನ್ ಕೊಡಲ್ಲ. ನಡುವೆ ಫ್ಯಾಂಟಮ್ ಅಡಾಪ್ಟರ್ ಹಾಕಿ ನೀಲಿ ವೈರ್ ಕೊಟ್ರೆ ಮುಗೀತು.

ಹಿರಿಯ: ಸಂತೋಷ. ಇದನ್ನ ತಿಳಿದವನು ಯಾಕಯ್ಯ ನೋಡದೇನೇ ಸುಟ್ಟಿದೆ ಅಂತೀಯ?

ಕಿರಿಯ: ತಿಳಿದಿದೆ ಅಂತಲೇ ಅಣ್ಣಾ. ಒಂದು ಲೆಕ್ಕ ಹೇಳ್ತೀನಿ, ಕೋಪ ಮಾಡ್ಕೋಬೇಡಿ. ನೀವು ಬೆಳಿಗ್ಗೆಯಿಂದ ಫ್ಯೂಸ್, ಅರ್ತ್, ಬಲ್ಬ್, ಬಾಗಿಲು ಅಂತ ಹುಡುಕ್ತೀರ. ಮೂರು ಗಂಟೆಗೆ ಒಂದು ತುಂಡಾದ ವೈರ್ ಸಿಗುತ್ತೆ. ಜೋಡಿಸಿ, ಸ್ಲೀವ್ ಹಾಕಿ, ರೇಡಿಯೋ ಹಾಡಿಸ್ತೀರ. ಗಾಡಿಯವರು ಬಂದು ಏನಾಗಿತ್ತು ಅಂತಾರೆ. ವೈರ್ ಕಟ್ ಆಗಿತ್ತು ಅಂತೀರ. ವೈರಿಗೆ ಎಷ್ಟು ಅಂತ ಕೇಳ್ತಾರೆ. ಒಂದು ಗೇಣು ವೈರಿಗೆ ಎಷ್ಟು ಕೇಳ್ತೀರಿ? ಅದೇ ನಾನು ಒಂದು ಡಬ್ಬ ಬಿಚ್ಚಿ ಸ್ಕ್ರೀನ್ ಹಾಕಿದ್ರೆ ಬಿಲ್ಲಲ್ಲಿ ಒಂದು ಸಾಮಾನು ಇರುತ್ತೆ, ಅದಕ್ಕೊಂದು ರೇಟ್ ಇರುತ್ತೆ, ವಾರಂಟಿ ಕಾರ್ಡ್ ಇರುತ್ತೆ. ಯಾರೂ ತಕರಾರು ಮಾಡಲ್ಲ. ಈ ಊರಲ್ಲಿ ಹುಡುಕಿದ್ದಕ್ಕೆ ಯಾರೂ ಕಾಸು ಕೊಡಲ್ಲ, ಹಾಕಿದ್ದಕ್ಕೆ ಕೊಡ್ತಾರೆ.

ಇದಕ್ಕೆ ಹಿರಿಯರು ತಕ್ಷಣ ಉತ್ತರ ಕೊಡಲಿಲ್ಲ, ಕೊಡಲು ಸುಲಭವೂ ಅಲ್ಲ. ಹಳೆಯ ರೇಡಿಯೋಗಳು ಗುಜರಿ ಸೇರುವುದಕ್ಕೆ ತಂತ್ರಜ್ಞಾನ ಹಳೆಯದಾದದ್ದಷ್ಟೇ ಕಾರಣವಲ್ಲ ಎಂದು ನನಗೆ ಅನ್ನಿಸುವುದು ಇಲ್ಲಿ. ದೋಷ ಎಲ್ಲಿದೆಯೆಂದು ಕಂಡುಹಿಡಿಯುವುದೇ ಇಲ್ಲಿ ದೊಡ್ಡ ಕೆಲಸ, ಸರಿಪಡಿಸುವುದು ಅದರ ಬಾಲ. ಆದರೆ ನಮ್ಮ ಬಿಲ್ಲುಗಳಲ್ಲಿ ಬಾಲಕ್ಕೆ ಮಾತ್ರ ಜಾಗವಿದೆ. ಮೂರು ಗಂಟೆ ಯೋಚಿಸಿ ಒಂದು ವೈರು ಜೋಡಿಸಿದವರಿಗಿಂತ, ಯೋಚಿಸದೆ ಡಬ್ಬ ಬದಲಾಯಿಸಿದವರಿಗೆ ಹೆಚ್ಚು ಸಿಗುತ್ತದೆ. ಎಲ್ಲರೂ ಡಬ್ಬ ಬದಲಾಯಿಸುವುದನ್ನೇ ಕಲಿತರೆ ಅದರಲ್ಲಿ ಆಶ್ಚರ್ಯಪಡಬೇಕಾದ್ದೇನಿದೆ?

ಹಿರಿಯ: ನಾನು ಮೊದಲೇ ಹೇಳಿಬಿಡ್ತೀನಿ. ಬಿಚ್ಚಿ ನೋಡೋಕೆ ಇಷ್ಟು, ಸಿಕ್ಕರೂ ಇಷ್ಟು, ಸಿಗದಿದ್ರೂ ಇಷ್ಟು ಅಂತ. ಒಪ್ಪಿದ್ರೆ ಗಾಡಿ ಬಿಟ್ಟು ಹೋಗಲಿ.

ಕಿರಿಯ: ಎಷ್ಟು ಜನ ಒಪ್ತಾರೆ?

ಹಿರಿಯ: ಕಡಿಮೆ.

ಕಿರಿಯ: ನಿಮಗೆ ಬಾಡಿಗೆ ಇಲ್ಲ, ಸ್ವಂತ ಜಾಗ. ನಾನು ತಿಂಗಳಾದ್ರೆ ಬಾಡಿಗೆ ಕಟ್ಟಬೇಕು, ಇಬ್ಬರು ಹುಡುಗರಿಗೆ ಸಂಬಳ ಕೊಡಬೇಕು. ‘ಕಡಿಮೆ’ ಜನರನ್ನ ನಂಬ್ಕೊಂಡು ಶಟರ್ ಎತ್ತೋಕಾಗಲ್ಲ.

ಹಿರಿಯ: ಒಪ್ತೀನಿ. ಆದ್ರೆ ನೀನು ಹಾಕೋ ಡಬ್ಬದ ಲೆಕ್ಕವೂ ಪೂರ್ತಿ ಹೇಳು. ಅಗ್ಗದ ಸ್ಕ್ರೀನ್ ಒಳಗಿರೋದು ಸಣ್ಣ ಕಂಪ್ಯೂಟರ್. ಕೀ ತೆಗೆದ ಮೇಲೂ ಕೆಲವು ಸರಿಯಾಗಿ ನಿದ್ದೆ ಮಾಡಲ್ಲ. ನಿಂತ ಗಾಡೀಲಿ ಎಲ್ಲಾ ಸೇರಿ 50 ಮಿಲಿಆಂಪಿಯರ್ ಒಳಗೆ ಇದ್ರೆ ಚೆಂದ. ಈ ಡಬ್ಬ ಒಂದೇ 200 ಎಳೀತಾ ಕೂತ್ರೆ ದಿನಕ್ಕೆ ಹತ್ತಿರ ಹತ್ತಿರ 5 ಆಂಪಿಯರ್-ಗಂಟೆ ಹೋಯ್ತು. ಬ್ಯಾಟರಿ ಇರೋದೇ 60. ಮದುವೆಗೆ ಅಂತ ಒಂದು ವಾರ ಊರಿಗೆ ಹೋಗಿ ಬಂದ್ರೆ ಸೆಲ್ಫ್ ಎತ್ತಲ್ಲ. ಆಗ ಬ್ಯಾಟರಿ ಅಂಗಡಿಯವನು ಬ್ಯಾಟರಿ ಹೋಗಿದೆ ಅಂತ ಹೊಸದು ಮಾರ್ತಾನೆ. ಅಲ್ಲೂ ಹುಡುಕೋರಿಲ್ಲ.

ಕಿರಿಯ: ಒಳ್ಳೆ ಸ್ಕ್ರೀನ್ ಹಾಗೆ ಮಾಡಲ್ಲ. ಸರಿ, ನೀವು ಕೇಳಿದ್ದಕ್ಕೆ ನಾನೂ ಒಂದು ಕೇಳ್ತೀನಿ. 2019ರ ಜುಲೈಯಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದ್ರು. ಯಾಕೆ? ಹಿಂದೆ ಮಗು ಕೂತಿದ್ರೆ ಕನ್ನಡೀಲಿ ಕಾಣಲ್ಲ ಅಂತ. ಈ 2004ರ ಗಾಡೀಲಿ ಏನಿದೆ? ನನ್ನ ಸ್ಕ್ರೀನ್ ಹಾಕಿದ್ರೆ ಹಿಂದೆ ಕ್ಯಾಮೆರಾ ಬರುತ್ತೆ. ಫೋನ್ ಬಂದ್ರೆ ಕೈ ಸ್ಟೀರಿಂಗ್ ಮೇಲೇ ಇರುತ್ತೆ. ನಿಮ್ಮ ಕಂಪನಿ ಸೆಟ್ಟು ಇದ್ಯಾವುದೂ ಕೊಡಲ್ಲ. ಹಳೇದರ ಮೇಲಿನ ಪ್ರೀತಿ ನನಗೂ ಅರ್ಥ ಆಗುತ್ತೆ, ಆದ್ರೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಗಾಡಿ ಹಿಂದೆ ತೆಗೆಯುವಾಗ ಆ ಪ್ರೀತಿ ಕೆಲಸಕ್ಕೆ ಬರಲ್ಲ.

ಹಿರಿಯ: ಕ್ಯಾಮೆರಾ ವಿಷಯದಲ್ಲಿ ನಿನ್ನ ಮಾತಿಗೆ ಎದುರಾಡಲ್ಲ. ಮಕ್ಕಳಿರೋ ಮನೆಯವರಿಗೆ ನಾನೇ ಹಾಕಿಸ್ಕೊಳ್ಳಿ ಅಂತೀನಿ. ಆದ್ರೆ ಅದು ಕ್ಯಾಮೆರಾಗೆ ಕಾರಣ, ರೇಡಿಯೋ ಸತ್ತಿದೆ ಅನ್ನೋದಕ್ಕೆ ಕಾರಣ ಅಲ್ಲ. ಒಳಗನ್ನಡಿಗೆ ಸಿಕ್ಕಿಸೋ ಪುಟ್ಟ ಸ್ಕ್ರೀನೂ ಬರುತ್ತೆ, ಅದರಲ್ಲೂ ಕ್ಯಾಮೆರಾ ನೋಡಬಹುದು. ಫೋನಿನ ಹಾಡು ಬೇಕು ಅಂದ್ರೆ ಅದಕ್ಕೂ ದಾರಿ ಇದೆ. ಈ ಸೆಟ್ಟಿನ ಬೆನ್ನಲ್ಲಿ ಸಿ.ಡಿ. ಚೇಂಜರಿಗೆ ಅಂತ ಜಾಗ ಬಿಟ್ಟಿದ್ದಾರೆ. ಅಲ್ಲಿಗೆ ಸುಮ್ಮನೆ ಆಕ್ಸ್ ವೈರ್ ಕೊಟ್ರೆ ಸೆಟ್ಟು ಕೇಳಿಸ್ಕೊಳ್ಳಲ್ಲ, ಚೇಂಜರ್ ಇದೆ ಅಂತ ಅದಕ್ಕೆ ಉತ್ತರ ಬರಬೇಕು. ಆ ಉತ್ತರ ಕೊಡೋ ಡಬ್ಬಿ ಸಿಗುತ್ತೆ, ಬ್ಲೂಟೂತ್ ಸಮೇತ.

ಕಿರಿಯ: ಅಂದ್ರೆ ಕನ್ನಡಿಗೊಂದು ಸ್ಕ್ರೀನು, ಬೆನ್ನಿಗೊಂದು ಡಬ್ಬಿ. ಎರಡರ ದುಡ್ಡು ಕೂಡಿದ್ರೆ ನನ್ನ ಸ್ಕ್ರೀನಿನ ಹತ್ರ ಬರುತ್ತೆ.

ಹಿರಿಯ: ಬರಬಹುದು.

ಕಿರಿಯ: ಒಂದು ವೇಳೆ ದೋಷ ನಿಜವಾಗಲೂ ಒಳಗೇ ಇದ್ರೆ? ಆಗ ಏನು ಮಾಡ್ತೀರಿ?

ಹಿರಿಯ: ಅದು ಯಾವ ದೋಷ ಅನ್ನೋದರ ಮೇಲೆ. ಬೆಳಿಗ್ಗೆ ತಂಪಲ್ಲಿ ಹಾಡುತ್ತೆ, ಮಧ್ಯಾಹ್ನ ಬಿಸಿಲಲ್ಲಿ ನಿಂತು ಬಂದ ಮೇಲೆ ಹಾಡಲ್ಲ ಅಂದ್ರೆ ಡ್ರೈ ಸೋಲ್ಡರ್ ಅಂತ ಮೊದಲು ಅನುಮಾನ. ಬೋರ್ಡಿನ ಮೇಲೆ ಕಪ್ಲರ್ ಕಾಲುಗಳ ಸುತ್ತ ಭೂತಗನ್ನಡೀಲಿ ನೋಡಿದ್ರೆ ಕೂದಲಿನಷ್ಟು ಸಣ್ಣ ಉಂಗುರದ ಬಿರುಕು ಕಾಣುತ್ತೆ. ಗಾಡಿ ಕುಲುಕಾಟಕ್ಕೆ, ಬಿಸಿ ತಂಪಿಗೆ ಆಗೋದು. ಹಳೇ ಸೋಲ್ಡರ್ ಎಳೆದು ಹೊಸದು ಹಾಕಿದ್ರೆ ಮತ್ತೆ ವರ್ಷಗಟ್ಟಲೆ ಓಡುತ್ತೆ. ಡೈನಮೋ ಜೊತೆ ಕೊಂಯ್ ಅಂತ ಏರಿಳಿಯೋ ಸದ್ದು ಸ್ಪೀಕರಲ್ಲಿ ಬಂದ್ರೆ ಅರ್ತ್ ನೋಡ್ತೀನಿ, ಅದು ಸರಿ ಇದ್ರೆ ಒಳಗೆ ಮೇನ್ ಸಪ್ಲೈಯಲ್ಲಿರೋ ದೊಡ್ಡ ಕಂಡೆನ್ಸರ್ ಒಣಗಿರುತ್ತೆ. ಎಸ್.ಪಿ. ರೋಡಲ್ಲಿ ಸಿಗುತ್ತೆ, 105 ಡಿಗ್ರಿಯದ್ದೇ ಕೇಳಿ ತರಬೇಕು, 85ರದ್ದು ಡ್ಯಾಶ್‌ಬೋರ್ಡ್ ಬಿಸಿಗೆ ಬಾಳಲ್ಲ. ಕ್ಯಾಸೆಟ್ ಸೆಟ್ಟಾದ್ರೆ ಬೆಲ್ಟ್ ಕರಗಿ ಡಾಂಬರಾಗಿರುತ್ತೆ, ಸ್ಪಿರಿಟಲ್ಲಿ ಒರೆಸಿ ಹೊಸ ಬೆಲ್ಟ್ ಹಾಕಬೇಕು. ಇದೆಲ್ಲ ಮಾಡ್ತೀನಿ. ಆದ್ರೆ ಟ್ಯೂನರಿನ ಐ.ಸಿ.ಯೇ ಹೋಗಿದೆ, ಡಿಸ್‌ಪ್ಲೇ ಒಡೆದಿದೆ, ಸಿ.ಡಿ. ಲೇಸರ್ ಸತ್ತಿದೆ ಅಂದ್ರೆ ನಾನೂ ಕೈ ಎತ್ತುತೀನಿ. ಆ ಸಾಮಾನು ಈಗ ಯಾರೂ ಮಾಡ್ತಿಲ್ಲ.

ಕಿರಿಯ: ಗುಜರಿಯಿಂದ ಇನ್ನೊಂದು ಸೆಟ್ ತರಲ್ವಾ?

ಹಿರಿಯ: ಕೋಡ್ ಸಮೇತ ಕೊಟ್ರೆ ಮಾತ್ರ ತರ್ತೀನಿ. ಕೋಡ್ ಇಲ್ಲದ ಸೆಟ್ಟು ಯಾರ ಗಾಡಿಯಿಂದ ಬಂತೋ ನನಗೆ ಗೊತ್ತಿಲ್ಲ. ಕಳ್ಳತನ ತಡೆಯೋಕೆ ಅಂತಲೇ ಅದನ್ನ ಇಟ್ಟಿದ್ದು.

ಕಿರಿಯ: ಆ ಕೋಡಿಂದಲೇ ಅರ್ಧ ಸೆಟ್ಟುಗಳು ನನ್ನ ಅಂಗಡಿಗೆ ಬರೋದು! ಬ್ಯಾಟರಿ ಬದಲಾಯಿಸ್ತಾರೆ, ರೇಡಿಯೋ ‘ಸೇಫ್’ ಅಂತ ತೋರಿಸುತ್ತೆ. ಸಿಕ್ಕಿದ ನಂಬರ್ ಎಲ್ಲಾ ಒತ್ತುತಾರೆ. ಎರಡು ಸಲ ತಪ್ಪಾದ್ರೆ ಲಾಕ್ ಆಗುತ್ತೆ, ಆಮೇಲೆ ಹಾಳಾಯ್ತು ಅಂತ ಇಲ್ಲಿಗೆ ತರ್ತಾರೆ.

ಹಿರಿಯ: ಸುಮಾರು ಒಂದು ಗಂಟೆ ಸೆಟ್ಟನ್ನ ಆನ್ ಮಾಡಿ ಹಾಗೇ ಬಿಟ್ರೆ ಲಾಕ್ ಬಿಡುತ್ತೆ. ಕೋಡ್ ಬುಕ್‌ಲೆಟ್ ಜೊತೆ ಕಾರ್ಡಲ್ಲಿರುತ್ತೆ. ಅದು ಕಳೆದಿದ್ರೆ ಸೆಟ್ಟಿನ ಮೈ ಮೇಲಿನ ಸ್ಟಿಕ್ಕರ್ ನಂಬರ್, ಈ ಗಾಡಿದಾದ್ರೆ ಎಸ್‌.ಕೆ.ಝಡ್‌. ಅಂತ ಶುರುವಾಗುತ್ತೆ, ಅದನ್ನ ಬರ್ಕೊಂಡು ಆರ್.ಸಿ. ಬುಕ್ ಸಮೇತ ಕಂಪನಿ ಸರ್ವಿಸ್‌ಗೆ ಹೋಗಬೇಕು. ಕೆಲವು ಹೋಂಡಾಗಳಲ್ಲಿ ಬಿಚ್ಚೋದೂ ಬೇಡ, 1 ಮತ್ತು 6ನೇ ಬಟನ್ ಒಟ್ಟಿಗೆ ಒತ್ತಿ ಹಿಡಿದು ಆನ್ ಮಾಡಿದ್ರೆ ನಂಬರ್ ಪರದೆ ಮೇಲೇ ಬರುತ್ತೆ. ನೋಡು, ಇಲ್ಲೂ ಸೆಟ್ಟಿಗೆ ಏನೂ ಆಗಿಲ್ಲ. ಬೀಗ ಸರಿಯಾಗಿ ಕೆಲಸ ಮಾಡ್ತಿದೆ ಅಷ್ಟೇ.

ಕಿರಿಯ: ಲೈಟ್ ಬರುತ್ತೆ, ಕೋಡೂ ಸರಿ, ಸೌಂಡ್ ಮಾತ್ರ ಇಲ್ಲ ಅಂದ್ರೆ?

ಹಿರಿಯ: ಬಾಗಿಲಿಗೆ ಹೋಗು. ಬಾಗಿಲಿಗೂ ಬಾಡಿಗೂ ನಡುವೆ ರಬ್ಬರ್ ಕೊಳವೆ ಇರುತ್ತಲ್ಲ, ಅದರೊಳಗೆ ಸ್ಪೀಕರ್ ವೈರ್ ಸಾವಿರಾರು ಸಲ ಮಡಚಿರುತ್ತೆ. ಸಿಪ್ಪೆ ಹರಿದು ಬಾಡಿಗೆ ತಾಗಿದ್ರೆ ಸೆಟ್ಟು ತನ್ನನ್ನ ತಾನು ಕಾಪಾಡ್ಕೊಳ್ಳೋಕೆ ಎಲ್ಲಾ ಸ್ಪೀಕರನ್ನೂ ಬಂದ್ ಮಾಡಬಹುದು. ಒಂದು ಬಾಗಿಲ ವೈರಿಗೆ ನಾಲ್ಕೂ ಮೂಲೆ ಮೌನ. ಸ್ಪೀಕರ್ ಬದುಕಿದೆಯಾ ಅಂತ ನೋಡೋಕೆ ಒಂದೂವರೆ ವೋಲ್ಟಿನ ಸೆಲ್ ಸಾಕು, ಎರಡು ವೈರಿಗೆ ತಾಗಿಸಿದ್ರೆ ಟಕ್ ಅನ್ನುತ್ತೆ. ಹಳೇ ಅಭ್ಯಾಸದವರು ಸ್ಪೀಕರ್ ನೆಗೆಟಿವ್ ತಗೊಂಡು ಬಾಡಿಗೆ ಕೊಟ್ಟುಬಿಡ್ತಾರೆ. ಈ ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ತುದಿಗೂ ಕರೆಂಟ್ ಇರುತ್ತೆ, ಹಾಗೆ ಕೊಟ್ರೆ ಔಟ್‌ಪುಟ್ ಐ.ಸಿ.ಗೆ ಅಪಾಯ.

ಕಿರಿಯ: ಎಫ್.ಎಂ. ಕರಕರ ಅಂದ್ರೆ?

ಹಿರಿಯ: ಮೊದಲು ಲೈಟರ್ ಸಾಕೆಟ್ಟಿಂದ ಮೊಬೈಲ್ ಚಾರ್ಜರ್ ಕಿತ್ತು ಕೇಳು. ಡ್ಯಾಶ್‌ಕ್ಯಾಮ್ ಇದ್ರೆ ಅದನ್ನೂ ತೆಗಿ. ಅಗ್ಗದ ಚಾರ್ಜರ್ ಎಬ್ಬಿಸೋ ಗಲಾಟೇಲಿ 101.3ರ ರೇನ್‌ಬೋ ಕೂಡ ಮುಳುಗಿಹೋಗುತ್ತೆ. ಇನ್ನು ನೈರೋಬಿಯಿಂದ ನಮ್ಮ ಕಡೆಯವರೊಬ್ಬರು ಫೋನ್ ಮಾಡಿದ್ರು, ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡಿದಾರೆ, ರೇಡಿಯೋದಲ್ಲಿ ಅರ್ಧ ಸ್ಟೇಷನ್ ಬರ್ತಿಲ್ಲ ಅಂತ. ಜಪಾನಿನ ಹಳೇ ಸೆಟ್ಟುಗಳು 76ರಿಂದ 90 ಮೆಗಾಹರ್ಟ್ಸ್ ತನಕ ಮಾತ್ರ. 90ರ ಮೇಲಿನದ್ದು ಅದಕ್ಕೆ ಕೇಳಿಸಲ್ಲ. ಏರಿಯಲ್ ದಾರೀಲಿ ಬ್ಯಾಂಡ್ ಎಕ್ಸ್‌ಪ್ಯಾಂಡರ್ ಹಾಕಿಸ್ಕೊಳ್ಳಿ ಅಂದೆ.

ಕಿರಿಯ: ಅಣ್ಣಾ, ಗಂಟೆ ಆಗ್ತಿದೆ. ಈ ಗಾಡಿ ಏನು ಮಾಡೋಣ?

ಹಿರಿಯರು 21 ವ್ಯಾಟಿನ ಬಲ್ಬ್ ತೆಗೆದುಕೊಂಡು ಮೇನ್ ಪಿನ್ನಿಗೂ ಅರ್ತಿಗೂ ಇಟ್ಟರು. ಬೆಳ್ಳಗೆ ಉರಿಯಿತು. ಅರ್ತ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸಿತು. ಆಮೇಲೆ 5 ವ್ಯಾಟಿನ ಚಿಕ್ಕ ಬಲ್ಬನ್ನು ಕೀ ಲೈನಿನ ಪಿನ್ನಿಗೆ ಹಿಡಿದು ಕಿರಿಯನಿಗೆ ಕೀ ಹಾಕಲು ಹೇಳಿದರು. ಬಲ್ಬ್ ಹೊತ್ತಿಕೊಳ್ಳಲಿಲ್ಲ. ಬಲ್ಬ್ ತೆಗೆದು ಅದೇ ಪಿನ್ನಿಗೆ ಮೀಟರ್ ಇಟ್ಟರೆ 12. ಮತ್ತೆ ಬಲ್ಬ್ ಇಟ್ಟರೆ ಮೀಟರಿನ ಅಂಕಿ ಒಂದಕ್ಕಿಂತ ಕೆಳಗೆ ಕುಸಿಯಿತು. ಕಿರಿಯ ಕೀಯನ್ನು ಸ್ವಲ್ಪ ಅಲುಗಿಸಿದಾಗ ಬಲ್ಬ್ ಒಮ್ಮೆ ಮಿನುಗಿ ಆರಿತು.

ಕಿರಿಯ: ಇಗ್ನಿಷನ್ ಸ್ವಿಚ್ಚು!

ಹಿರಿಯ: ಕೀ ಹಾಕೋ ಬೀಗ ಅಲ್ಲ, ಅದರ ಹಿಂದೆ ಕೂತಿರೋ ಕರೆಂಟ್ ಸ್ವಿಚ್ಚು. ಈ ಗಾಡೀಲಿ ಇಂಜಿನ್ ಆಫ್ ಮಾಡಿದ್ರೂ ಕೀ ಹೊರಗೆ ಎಳೆಯೋ ತನಕ ರೇಡಿಯೋ ಹಾಡಬೇಕು, ಅದಕ್ಕೆ ಅಂತಲೇ ಒಳಗೊಂದು ಪಾಯಿಂಟ್ ಇದೆ. ಅದು ಸವೆದಿದೆ. ಈಗ ಮೇನಿಂದ ಆ ಪಿನ್ನಿಗೆ ಒಂದು ತುಂಡು ವೈರ್ ಕೊಟ್ಟು ಸೆಟ್ ಸಿಕ್ಕಿಸು. ನೋಡೋಣ.

ಸೆಟ್ಟಿನ ಪರದೆ ಬೆಳಗಿತು. ಅದರ ಮೇಲೆ ‘ಸೇಫ್’ ಎಂದು ಮೂಡಿತು.

ಕಿರಿಯ: ಸೆಟ್ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಈಗ ಕೋಡ್ ಕೇಳ್ತಿದೆ. ಗಾಡಿಯವರ ಹತ್ರ ಕಾರ್ಡ್ ಇಲ್ಲದಿದ್ರೆ ಇನ್ನೊಂದು ದಿನ ಹೋಯ್ತು. ಸ್ವಿಚ್ ತರಿಸೋಕೆ ಅರ್ಧ ದಿನ. ಸ್ಟೀರಿಂಗ್ ಕೆಳಗೆ ಬಿಚ್ಚೋ ಕೆಲಸ ಬೇರೆ.

ಹಿರಿಯ: ನೀನು ಸ್ಕ್ರೀನ್ ಹಾಕಿದ್ರೂ ಅದಕ್ಕೆ ಕೀ ಲೈನ್ ಬೇಕಲ್ಲ.

ಕಿರಿಯ: ಬೇರೆ ಕಡೆಯಿಂದ ಎಳ್ಕೊಳ್ತೀನಿ. ಫ್ಯೂಸ್ ಬಾಕ್ಸಿಂದ ಒಂದು ಸಪ್ಲೈ ತಗೊಂಡ್ರೆ ಆಯ್ತು.

ಹಿರಿಯ: ಸ್ಕ್ರೀನ್ ಹಾಡುತ್ತೆ. ಸ್ವಿಚ್ಚು ಸವೆಯುತ್ತಲೇ ಇರುತ್ತೆ. ಇವತ್ತು ರೇಡಿಯೋ ಪಾಯಿಂಟ್ ಹೋಗಿದೆ, ನಾಳೆ ವೈಪರ್ ಪಾಯಿಂಟೋ, ಸೆಲ್ಫ್ ಪಾಯಿಂಟೋ ಹೋಗುತ್ತೆ. ಮಳೇಲಿ, ಘಾಟಿ ರಸ್ತೇಲಿ ನಿಂತ್ರೆ ಯಾರಿಗೆ ಫೋನ್ ಮಾಡ್ತಾರೆ? ರೇಡಿಯೋ ಬೇಡ ಅಂದ್ರೂ ಸ್ವಿಚ್ ಬದಲಾಯಿಸಲೇಬೇಕು ಕಣಪ್ಪ. ಅದನ್ನ ನಮಗೆ ಹೇಳಿದ್ದೇ ಈ ರೇಡಿಯೋ.

ಕಿರಿಯ: ಸ್ವಿಚ್ ಬದಲಾಯಿಸೋಣ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸ್ಕ್ರೀನ್ ವಿಷಯ ನಾನು ಗಾಡಿಯವರ ಮುಂದೆ ಇಡ್ತೀನಿ. ಅವರ ಮನೇಲಿ ಎರಡು ಪುಟ್ಟ ಮಕ್ಕಳಿದಾರೆ, ಕ್ಯಾಮೆರಾ ಬೇಕು ಅನ್ನಬಹುದು.

ಹಿರಿಯ: ಇಡು. ಸೆಟ್ ಚೆನ್ನಾಗಿದೆ ಅನ್ನೋದನ್ನ ಮೊದಲು ಹೇಳಿ, ಆಮೇಲೆ ಇಡು. ಸ್ಕ್ರೀನ್ ಬೇಕು ಅಂದ್ರೆ ಈ ಸೆಟ್ಟನ್ನ ಬಟ್ಟೇಲಿ ಸುತ್ತಿ ಅವರ ಕೈಗೇ ಕೊಡು, ಗುಜರಿಗೆ ಹಾಕಬೇಡ.

ಕಿರಿಯ: ಕೊಡ್ತೀನಿ. ಬಿಲ್ಲಲ್ಲಿ ಏನು ಬರೀಲಿ? ಸ್ವಿಚ್ಚಿನ ಬೆಲೆ, ಅದನ್ನ ಹಾಕಿದ ಕೂಲಿ, ಇಷ್ಟೇನಾ?

ಹಿರಿಯ: ದೋಷ ಹುಡುಕಿದ ಕೂಲಿ ಅಂತ ಮೇಲೆ ಒಂದು ಸಾಲು ಬರಿ.

ಕಿರಿಯ: ಅವರು ಚೌಕಾಸಿ ಮಾಡೋದು ಆ ಸಾಲಿನ ಮೇಲೇ ಅಣ್ಣಾ.

ಹಿರಿಯ: ಮಾಡಲಿ. ನಾನಿರ್ತೀನಿ, ಬಲ್ಬ್ ಇಟ್ಟು ಅವರಿಗೂ ತೋರಿಸ್ತೀನಿ.

ಕಿರಿಯ: ತೋರಿಸಿ. ಎಷ್ಟು ಅಂತ ಬರೀಲಿ ಹೇಳಿ.